ಕೊಡಗಿನ ಊರಂಚಿನ ಸ್ತ್ರೀಯರೂ ವಾಯುಗುಣದ ಹೊಣೆಯೂ



ಭೂಮಂಡಲದ ವಾಯುಗುಣ ಕೆಡುತ್ತಿರುವ ವಿಷಯವನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಖಂಡಗಳ ಮೇಲೆಯೂ ಶತಮಾನಗಳ ಮೇಲೆಯೂ ದೃಷ್ಟಿಯನ್ನಿಟ್ಟು, ಹಿಮ ಕರಗುವುದನ್ನೂ ಸಮುದ್ರದ ಮಟ್ಟ ಏರುವುದನ್ನೂ ರಾಷ್ಟ್ರಗಳು ಪರಸ್ಪರ ಮಾಡಿಕೊಳ್ಳುವ ಒಡಂಬಡಿಕೆಗಳನ್ನೂ ವಿವರಿಸುತ್ತಾರೆ. ಆ ವಿವರಣೆ ಅವಶ್ಯವಾದದ್ದೇ ಸರಿ. ಆದರೆ 2018ರ ಆಗಸ್ಟ್ ತಿಂಗಳ ನಡುವಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಮೊಣ್ಣಂಗೇರಿಗಳ ಬೆಟ್ಟಗಳು ಮನೆ ತೋಟಗಳ ಸಮೇತ ಕುಸಿದು ಹರಿದುದನ್ನು ಕಂಡ ನಮ್ಮ ಜಿಲ್ಲೆಗೆ ಅದು ಇನ್ನು ದೂರದ ಶಾಸ್ತ್ರವಾಗಿ ಉಳಿದಿಲ್ಲ. ಆ ದೊಡ್ಡ ವಿಷಯದಲ್ಲಿ ಒಂದು ಅಂಶವನ್ನು ಮಾತ್ರ ಇಂದು ತಮ್ಮ ವಿಚಾರಕ್ಕೆ ಒಪ್ಪಿಸಬಯಸುತ್ತೇನೆ: ನಮ್ಮ ಸಣ್ಣ ಪಟ್ಟಣಗಳ ಅಂಚಿನಲ್ಲಿ, ಕಡಿದಾದ ಬರೆಯ ಬುಡದಲ್ಲಿಯೂ ಹೊಳೆಯ ದಂಡೆಯಲ್ಲಿಯೂ ಸಂಸಾರ ಹೂಡಿರುವ ಬಡ ಸ್ತ್ರೀಯರಿಗೆ, ಬರಲಿರುವ ಮಳೆಗಾಲಗಳಿಗೆ ಈ ನಾಡನ್ನು ಸಿದ್ಧಗೊಳಿಸುವ ಕಾರ್ಯದಲ್ಲಿ ಏನು ಸ್ಥಾನವಿದೆ, ಏನು ಸ್ಥಾನವಿರತಕ್ಕದ್ದು ಎಂಬುದು.

ನನ್ನ ಅಭಿಪ್ರಾಯವನ್ನು ಮೊದಲಲ್ಲಿಯೇ ನಿವೇದಿಸಿಬಿಡುತ್ತೇನೆ. ಆ ಸ್ತ್ರೀಯರಿಗೆ ತಿಳಿವಳಿಕೆ ಕೊಡುತ್ತೇವೆಂದು ಶಿಬಿರಗಳನ್ನು ನಡೆಸುವುದರಿಂದ ಈ ಕಾರ್ಯ ಆರಂಭವಾಗಲಾರದು. ಅವರ ಹೆಸರಿಗೆ ಮನೆಯಡಿಯ ಹಕ್ಕುಪತ್ರವೂ, ಅವರು ಕುಳಿತು ಕೇಳಿ ಉತ್ತರ ಪಡೆಯಬಲ್ಲ ಕಾನೂನುಬದ್ಧವಾದ ಒಂದು ಸಭೆಯೂ ಇಲ್ಲದಿರುವಾಗ, ಅವರನ್ನು ಒಳಗೊಳ್ಳುತ್ತೇವೆಂಬ ಮಾತು ಎಷ್ಟು ಸದ್ಭಾವದಿಂದ ಹೊರಟದ್ದಾದರೂ ಫಲಕ್ಕೆ ಬಾರದು.

ಕೊಡಗಿನಲ್ಲಿ ನಗರವೇ ಇಲ್ಲದಿರುವಾಗ ನಗರದ ಅಂಚು ಎಲ್ಲಿಂದ ಬಂತೆಂದು ಯಾರಾದರೂ ಕೇಳಬಹುದು. 2011ರ ಜನಗಣತಿಯಲ್ಲಿ ಮಡಿಕೇರಿಯ ಜನಸಂಖ್ಯೆ 33 ಸಾವಿರಕ್ಕೆ ತುಸು ಮಿಕ್ಕಿದ್ದಿತು. ವಿರಾಜಪೇಟೆ, ಕುಶಾಲನಗರಗಳು ಅದರ ಅರ್ಧದ ಆಸುಪಾಸಿನವು. ಬೆಂಗಳೂರಿನ ಒಂದು ಬಡಾವಣೆಗೆ ಸಮವಾಗದ ಈ ಊರುಗಳಿಗೆ ಅಂಚು ಮಾತ್ರ ಬೆಂಗಳೂರಿಗಿಂತಲೂ ಕಠೋರವಾದುದು. ಏಕೆಂದರೆ ಬಯಲುಸೀಮೆಯ ಪಟ್ಟಣ ಬೆಳೆದಾಗ ಹೊಲವನ್ನು ಆಕ್ರಮಿಸಿ ಸಮನಾಗಿ ಹರಡಿಕೊಳ್ಳುತ್ತದೆ, ಮಲೆನಾಡಿನ ಪಟ್ಟಣ ಬೆಳೆದಾಗ ಸಮತಟ್ಟಾದ ನೆಲವನ್ನು ಶಕ್ತರು ಹಿಡಿದುಕೊಂಡು, ಮೇಲಿನ ಬರೆಯನ್ನೂ ಕೆಳಗಿನ ಕೊಲ್ಲಿಯನ್ನೂ ಅಶಕ್ತರಿಗೆ ಬಿಡುತ್ತದೆ. ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿನಗರ, ಮಂಗಳಾದೇವಿನಗರಗಳು ಇಂಥ ಇಳಿಜಾರಿನ ವಸತಿಗಳು. ಸಿದ್ದಾಪುರದ ಪಕ್ಕದ ಕರಡಿಗೋಡು, ನೆಲ್ಯಹುದಿಕೇರಿಯ ಬೆಟ್ಟದಕಾಡು ಮತ್ತು ಕುಂಬಾರಗುಂಡಿ, ಇವು ಕಾವೇರಿಯ ದಂಡೆಗೆ ಅಂಟಿಕೊಂಡವು. ಕುಶಾಲನಗರದ ಸುತ್ತಮುತ್ತ ಗದ್ದೆಗಳು ಬಡಾವಣೆಗಳಾಗಿವೆ, ಅವುಗಳಾಚೆ ಬಸವನಹಳ್ಳಿಯಂಥ ಪುನರ್ವಸತಿ ಕಾಲೊನಿಗಳಿವೆ. ಈ ಜಾಗಗಳಲ್ಲಿ ಬಹುಪಾಲು, ನಮ್ಮ ಜಿಲ್ಲೆಯ ಕಂದಾಯದ ಭಾಷೆಯಲ್ಲಿ ಪೈಸಾರಿ ಎಂದು ಕರೆಯುವ ಸರ್ಕಾರಿ ನೆಲ.

ಅಲ್ಲಿರುವವರು ಯಾರು, ಅಲ್ಲಿಗೆ ಏಕೆ ಬಂದರು ಎಂಬ ಪ್ರಶ್ನೆಗೆ ಉತ್ತರ ಕೊಡಗಿನ ತೋಟಗಾರಿಕೆಯ ಇತಿಹಾಸದಲ್ಲಿ ಅಡಗಿದೆ. ಕಾಫಿ ಕೃಷಿ ಹಬ್ಬಿದಂತೆ ಇಲ್ಲಿಯ ಮೂಲನಿವಾಸಿಗಳಾದ ಯರವರು, ಪಣಿಯರು, ಜೇನುಕುರುಬರು, ಬೆಟ್ಟಕುರುಬರು ಕಾಡಿನಿಂದಲೂ ಗದ್ದೆಯ ಬದಿಯಿಂದಲೂ ತೋಟದ ಕೂಲಿಗೆ ಬಂದರು. ತಮಿಳು, ಮಲಯಾಳ, ತುಳು ಸೀಮೆಗಳಿಂದ ಬಂದ ಶ್ರಮಿಕರು ಅವರ ಜೊತೆಗೂಡಿದರು. ಈಚಿನ ವರ್ಷಗಳಲ್ಲಿ ಅಸ್ಸಾಮಿನವರೂ ಬಂದಿದ್ದಾರೆ. ಇವರೆಲ್ಲರಿಗೂ ಆಶ್ರಯವಾದದ್ದು ತೋಟದೊಳಗಿನ ಸಾಲು ವಸತಿಯಾದ ಲೈನ್‌ಮನೆ. 1951ರ ತೋಟಗಾರಿಕಾ ಕಾರ್ಮಿಕರ ಕಾನೂನು ದೊಡ್ಡ ತೋಟದ ಮಾಲೀಕನ ಮೇಲೆ ವಸತಿಯ ಹೊಣೆಯನ್ನು ಹೊರಿಸಿತು. ಆದರೆ 5 ಹೆಕ್ಟೇರಿಗೆ ಕಡಿಮೆಯಾದ ತೋಟಗಳು ಅದರ ವ್ಯಾಪ್ತಿಗೆ ಒಳಪಡಲಿಲ್ಲ, ನಮ್ಮ ಕಾಫಿ ಹಿಡುವಳಿಗಳಲ್ಲಿ ಸಣ್ಣವೇ ಹೆಚ್ಚು. ವ್ಯಾಪ್ತಿಗೆ ಬಂದ ತೋಟದಲ್ಲಿಯೂ ಮನೆ ದುಡಿಮೆಗೆ ಕಟ್ಟಿದ್ದು. ಮೈಯಲ್ಲಿ ಶಕ್ತಿ ಇರುವವರೆಗೆ ಸೂರು. ಗಂಡ ಸತ್ತರೆ, ಮುಪ್ಪು ಬಂದರೆ, ಮೇಸ್ತ್ರಿಯೊಡನೆ ಮನಸ್ತಾಪ ಹುಟ್ಟಿದರೆ, ಆ ಸೂರಿನ ಕೆಳಗೆ ಇರುವುದಕ್ಕೆ ಕಾರಣವೇ ಇಲ್ಲ. ಹಾಗೆ ಹೊರಬಿದ್ದ ಸಂಸಾರ, ಅದರಲ್ಲಿಯೂ ಹೆಣ್ಣೊಬ್ಬಳೇ ನಡೆಸುವ ಸಂಸಾರ, ಪೇಟೆಯ ಸಮೀಪದಲ್ಲಿ ಯಾರೂ ಬೇಡವೆನ್ನದ ನೆಲವನ್ನು ಹುಡುಕುತ್ತದೆ. ಯಾರೂ ಬೇಡವೆನ್ನದ ನೆಲವೆಂದರೆ, ಯಾರಿಗೂ ಬೇಡವಾದ ನೆಲ: ನೀರು ಏರುವ ದಂಡೆ, ಮಣ್ಣು ಜಾರುವ ಬರೆ.

ಆದುದರಿಂದ ಈ ಸ್ತ್ರೀಯರು ಅಪಾಯದ ಸ್ಥಳದಲ್ಲಿ ಇರುವುದು ಅವರ ಅಜ್ಞಾನದಿಂದಲ್ಲವೆಂದು ನಾವು ಮೊದಲು ಒಪ್ಪಬೇಕು. ಆ ದಂಡೆಯಲ್ಲಿ ಪ್ರತಿ ಮಳೆಗಾಲವೂ ನೀರು ಯಾವ ಮೆಟ್ಟಿಲಿಗೆ ಬರುತ್ತದೆಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಯಾವ ಕಚೇರಿಯಲ್ಲಿಯೂ ಇಲ್ಲ.

ಮಳೆ ಕೊಡಗಿಗೆ ಹೊಸದೇನಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೆ ಮಿಕ್ಕಿ ಮಳೆ ಬೀಳುತ್ತದೆ. ಭಾಗಮಂಡಲದ ಕಡೆಗೆ ಇನ್ನೂ ಅಧಿಕ. ಆರಿದ್ರೆಯಿಂದ ಆರಂಭಿಸಿ ಕಕ್ಕಡ ಮಾಸದ ಉದ್ದಕ್ಕೂ ಹದವಾಗಿ ಹಿಡಿದು ಸುರಿಯುತ್ತಿದ್ದ ಆ ಮಳೆ, ಈಗ ಕೆಲವು ದಿನಗಳ ಕಾಲ ಮುನಿದು, ಅನಂತರ ಕೆಲವೇ ದಿನಗಳಲ್ಲಿ ತಿಂಗಳ ಪಾಲನ್ನು ಒಮ್ಮೆಗೇ ಸುರಿಯುವ ಪ್ರವೃತ್ತಿಯನ್ನು ತೋರುತ್ತಿದೆ. ಹಿಂದೂ ಮಹಾಸಾಗರದ ಮೇಲಿನ ಗಾಳಿ ಬಿಸಿಯಾದಷ್ಟೂ ಅಧಿಕ ತೇವವನ್ನು ಹೊತ್ತು ತಂದು ಘಟ್ಟಕ್ಕೆ ತಾಕಿ ಇಳಿಸುವುದೇ ಇದಕ್ಕೆ ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ. 2018ರಲ್ಲಿ ಮಡಿಕೇರಿಯ ಸುತ್ತಿನ ಬೆಟ್ಟಗಳು ಕುಸಿದು, ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿತು. 2019ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಬೆಟ್ಟ ಕುಸಿಯಿತು, ಕರಡಿಗೋಡು ನೆಲ್ಯಹುದಿಕೇರಿಗಳ ದಂಡೆಯ ಮನೆಗಳನ್ನು ಹೊಳೆ ಒಯ್ದಿತು. 2020ರಲ್ಲಿ ತಲಕಾವೇರಿಯ ಬೆಟ್ಟ ಅರ್ಚಕರ ಮನೆಯ ಮೇಲೆಯೇ ಇಳಿಯಿತು. ಮಳೆಯೊಂದರಿಂದಲೇ ಇದಾಗಲಿಲ್ಲ, ರಸ್ತೆಗೂ ಕಟ್ಟಡಕ್ಕೂ ಪ್ರವಾಸಿಗರ ವಸತಿಗೂ ಬೆಟ್ಟದ ಬುಡವನ್ನು ಕಡಿದು ಇಳಿಜಾರಿನ ಆಧಾರವನ್ನು ಕಿತ್ತ ಮನುಷ್ಯನ ಕೈವಾಡವೂ ಇದರಲ್ಲಿ ಸೇರಿದೆಯೆಂಬುದು ಭೂವಿಜ್ಞಾನಿಗಳು ಪರಿಶೀಲಿಸಿ ಹೇಳಿದ ಮಾತು.

ಇಲ್ಲಿ ಗದ್ದೆಯ ವಿಷಯವನ್ನು ಸ್ವಲ್ಪ ಸಾವಕಾಶವಾಗಿ ಪರಿಶೀಲಿಸುವುದಕ್ಕೆ ತಮ್ಮ ಅನುಮತಿ ಬೇಡುತ್ತೇನೆ. ಏಕೆಂದರೆ ವಾಯುಗುಣ, ಪಟ್ಟಣದ ಬೆಳವಣಿಗೆ, ಬಡ ಹೆಂಗಸಿನ ಜೀವನೋಪಾಯ, ಈ ಮೂರೂ ಒಂದೇ ಗಂಟಿನಲ್ಲಿ ಕೂಡಿಕೊಂಡಿರುವುದು ಅಲ್ಲಿಯೇ. ಎರಡು ಗುಡ್ಡಗಳ ನಡುವಣ ತಗ್ಗಿನಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಬದು ಹಾಕಿ, ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ನಿಧಾನವಾಗಿ ಇಳಿಯುವಂತೆ ಹಿರಿಯರು ಏರ್ಪಡಿಸಿದ್ದ ಕೊಡಗಿನ ಭತ್ತದ ಗದ್ದೆ ಬರಿಯ ಅನ್ನದ ಮೂಲವಾಗಿರಲಿಲ್ಲ. ಸುರಿದ ಮಳೆಯನ್ನು ವಾರಗಟ್ಟಲೆ ತಡೆದಿರಿಸಿ, ನೆಲಕ್ಕೆ ಇಂಗಿಸಿ, ಬೇಸಿಗೆಯಲ್ಲಿ ತೋಡಿಗೂ ಬಾವಿಗೂ ಹಿಂದಿರುಗಿಸುತ್ತಿದ್ದ ಜಲಾಶಯವೂ ಅದೇ ಆಗಿದ್ದಿತು. ಕೂಲಿ ಏರಿ, ಭತ್ತದ ಬೆಲೆ ಏರದೆ, ಕಾಡಾನೆಯ ಹಾವಳಿಯೂ ಸೇರಿ, ಗದ್ದೆ ಮಾಡುವುದು ನಷ್ಟವೆಂದು ಕಂಡಮೇಲೆ ಒಡೆಯರು ಅದನ್ನು ಪಾಳು ಬಿಟ್ಟರು, ಇಲ್ಲವೆ ಶುಂಠಿಗೆ ಕೊಟ್ಟರು, ಪಟ್ಟಣದ ಸಮೀಪದಲ್ಲಾದರೆ ಮಣ್ಣು ತುಂಬಿಸಿ ನಿವೇಶನಗಳನ್ನಾಗಿ ಹಂಚಿದರು. ಒಡೆಯರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ನಷ್ಟದ ಬೇಸಾಯವನ್ನು ಧರ್ಮಕ್ಕೆಂದು ಯಾರೂ ಬಹುಕಾಲ ನಡೆಸಲಾರರು. ಆದರೆ ಪರಿಣಾಮವನ್ನು ಗಮನಿಸಬೇಕು. ನೀರು ನಿಲ್ಲಲು ಎಡೆಯಿಲ್ಲದೆ ನೇರವಾಗಿ ಹೊಳೆಗೆ ಧಾವಿಸಿತು, ಹೊಳೆ ದಂಡೆಯ ಗುಡಿಸಲಿಗೆ ಏರಿತು. ಅದೇ ಗದ್ದೆಯಲ್ಲಿ ನಾಟಿಯ ಕಾಲಕ್ಕೆ ಸಾಲು ಹಿಡಿದು ಬಾಗಿ ಅಗೆ ನೆಡುತ್ತಿದ್ದವರು, ಕಳೆ ತೆಗೆಯುತ್ತಿದ್ದವರು, ಕೊಯ್ಲಿನಲ್ಲಿ ಕುಡುಗೋಲು ಹಿಡಿಯುತ್ತಿದ್ದವರು ಯರವ, ಪಣಿಯ, ದಲಿತ ಸ್ತ್ರೀಯರು. ಅವರಿಗೆ ಮಳೆಗಾಲದ ಕೂಲಿ ಹೋಯಿತು. ಗದ್ದೆ ಮುಚ್ಚಿದ ದಿನ ಹೆಣ್ಣಾಳಿನ ಅನ್ನವೂ ಹೋಯಿತು, ಅವಳ ಗುಡಿಸಲಿಗೆ ಪ್ರವಾಹದ ಹಾದಿಯೂ ತೆರೆಯಿತು. ಒಂದೇ ಕಾರ್ಯದ ಎರಡು ಫಲಗಳು ಒಬ್ಬಳ ತಲೆಯ ಮೇಲೆಯೇ ಬಿದ್ದವು. ನಿವೇಶನ ಮಾಡಲು ಅನುಮತಿ ಕೊಡುವ ಸಮಯದಲ್ಲಿ ಆಕೆಯನ್ನು ಕೇಳುವ ಪ್ರಮೇಯವೇ ಬಾರಲಿಲ್ಲ. ಕೃಷಿಭೂಮಿಯನ್ನು ಅನ್ಯ ಉದ್ದೇಶಕ್ಕೆ ಪರಿವರ್ತಿಸುವ ವಿಚಾರಣೆಯಲ್ಲಿ ಒಡೆಯನಿಗೂ ಅಧಿಕಾರಿಗೂ ಹೊರತಾಗಿ ಮೂರನೆಯವರಿಗೆ ನುಡಿಯಿಲ್ಲ.

ತೋಟದ ಕೆಲಸವನ್ನು ನೋಡಿದರೂ ಇದೇ ತೆರ. ಮಾರ್ಚಿಯ ಹೂಮಳೆ ತಪ್ಪಿದರೆ ಕಾಫಿ ಕಚ್ಚುವುದಿಲ್ಲ, ಕಕ್ಕಡದ ಅತಿವೃಷ್ಟಿಗೆ ಎಳೆಕಾಯಿ ಉದುರುತ್ತದೆ, ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಂದರೆ ಕಣದಲ್ಲಿ ಹಣ್ಣು ಕೊಳೆಯುತ್ತದೆ. ಬೆಳೆಗಾರರ ಈ ನಷ್ಟವನ್ನು ಪತ್ರಿಕೆಗಳು ಬರೆಯುತ್ತವೆ, ಸಂಘಗಳು ಸರ್ಕಾರದ ಮುಂದಿಡುತ್ತವೆ, ಅದು ನ್ಯಾಯವೇ. ಆದರೆ ಕಿಲೋ ಲೆಕ್ಕದಲ್ಲಿ ಹಣ್ಣು ಕೊಯ್ದು ಕೂಲಿ ಪಡೆಯುವ ಹೆಂಗಸಿಗೆ, ಗಿಡದಲ್ಲಿ ಹಣ್ಣು ಕಡಿಮೆಯಾದಷ್ಟೂ ಅದೇ ಶ್ರಮಕ್ಕೆ ಕೂಲಿ ಕಡಿಮೆ; ಧಾರಾಕಾರ ಮಳೆಯ ದಿನಗಳಲ್ಲಿ ಕೆಲಸವೇ ಇಲ್ಲ. ಆ ನಷ್ಟಕ್ಕೆ ಯಾವ ಇಲಾಖೆಯಲ್ಲಿಯೂ ಒಂದು ಕಲಮಿಲ್ಲ. ಒದ್ದೆ ಸೌದೆಯ ಹೊಗೆಯಲ್ಲಿ ಅಡಿಗೆ, ಕೆಸರಾದ ಬಾವಿಯ ನೀರನ್ನು ಸೋಸುವುದು, ಜ್ವರ ಬಿದ್ದ ಮಗುವಿನ ಬಳಿ ಕುಳಿತು ಒಂದು ದಿನದ ಕೂಲಿ ಬಿಡುವುದು, ಇವೆಲ್ಲ ಲೆಕ್ಕಕ್ಕೆ ಸೇರದ ವೆಚ್ಚಗಳು.

ಈಗ ದಾಖಲೆಯ ಪ್ರಶ್ನೆಗೆ ಬರುತ್ತೇನೆ. ಆಧುನಿಕ ರಾಜ್ಯದ ಕರುಣೆ ಕಾಗದದ ಮೂಲಕ ಹರಿಯುತ್ತದೆ. ಮನೆ ಬಿದ್ದರೆ ಮನೆಯ ಸಂಖ್ಯೆ ಬೇಕು, ಹೊಲ ಕೊಚ್ಚಿದರೆ ಪಹಣಿ ಬೇಕು, ಬದಲಿ ನಿವೇಶನಕ್ಕೆ ವಾಸದ ಸಾಕ್ಷ್ಯ ಬೇಕು. ಲೈನ್‌ಮನೆ ಕುಸಿದರೆ ಕಟ್ಟಡದ ಹಾನಿ ತೋಟದ ಲೆಕ್ಕಕ್ಕೆ ಸೇರುತ್ತದೆ. ದಂಡೆಯ ಮನೆ ಹೊಳೆಪಾಲಾದರೆ, ಅದು ಒತ್ತುವರಿಯ ಮನೆಯೆಂಬ ಮಾತು ಪರಿಹಾರಕ್ಕಿಂತ ಮುಂಚೆ ಬಂದು ನಿಲ್ಲುತ್ತದೆ. 2018ರ ಅನಂತರ ಜಂಬೂರು, ಕರ್ಣಂಗೇರಿ, ಮದೆನಾಡು, ಬಿಳಿಗೇರಿ, ಗಾಳಿಬೀಡುಗಳಲ್ಲಿ ಸಂತ್ರಸ್ತರಿಗೆ ಗಟ್ಟಿಮನೆಗಳು ಎದ್ದುವು. ಅದು ಸರ್ಕಾರವೂ ದಾನಿಗಳೂ ಕೂಡಿ ಮಾಡಿದ ಸ್ತುತ್ಯವಾದ ಕಾರ್ಯ. 2019ರಲ್ಲಿ ನೀರಿಗೆ ಮನೆ ಕಳೆದುಕೊಂಡ ದಂಡೆಯ ಕೂಲಿಕಾರರ ವಿಷಯ ಮಾತ್ರ, ಅವರು ಮೊದಲಿದ್ದ ನೆಲ ಅವರದಲ್ಲವೆಂಬ ಕಾರಣದಿಂದಲೇ, ಬಹುಕಾಲ ತೊಡಕಿನಲ್ಲಿ ಉಳಿಯಿತು. ನೆಲವಿಲ್ಲದವನಿಗೆ ನೆಲ ಕಳೆದುಕೊಂಡವನಿಗಿಂತ ಕಡಿಮೆ ದುಃಖವೆಂದು ನಮ್ಮ ನಿಯಮಗಳು ತಾವರಿಯದೆಯೇ ಭಾವಿಸಿಕೊಂಡಿವೆ.

ದಿಡ್ಡಳ್ಳಿಯ ಪ್ರಕರಣ ಇದಕ್ಕೆ ಇನ್ನೊಂದು ಮುಖ. 2016ರ ಡಿಸೆಂಬರಿನಲ್ಲಿ ಮಾಲ್ದಾರೆಯ ಬಳಿ ದಿಡ್ಡಳ್ಳಿಯ ಅರಣ್ಯದಲ್ಲಿ, ಬಹುತೇಕ ಲೈನ್‌ಮನೆಗಳಿಂದ ಹೊರಬಂದ ಆದಿವಾಸಿಗಳು ಕಟ್ಟಿಕೊಂಡಿದ್ದ ಐನೂರಕ್ಕೂ ಮಿಕ್ಕಿದ ಗುಡಿಸಲುಗಳನ್ನು ಅರಣ್ಯ ಇಲಾಖೆ ಕೆಡವಿತು. ಅನಂತರ ನಡೆದ ದೀರ್ಘ ಚಳವಳಿಯಲ್ಲಿ ಮುಂದೆ ನಿಂತವರು ಹೆಂಗಸರು. ಮಾತನಾಡಿದವರೂ ಅವರೇ, ಚಳಿಯಲ್ಲಿ ಬಯಲಿನಲ್ಲಿ ಮಕ್ಕಳೊಡನೆ ಮಲಗಿದವರೂ ಅವರೇ. ಸರ್ಕಾರ ಕಡೆಗೆ ಅವರಿಗೆ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟಗಳಲ್ಲಿ ನಿವೇಶನ ಕೊಟ್ಟು ಮನೆ ಕಟ್ಟಿಸಿತು. ಸೂರು ದೊರೆತದ್ದು ದೊಡ್ಡ ಲಾಭ, ಸಂದೇಹವಿಲ್ಲ. ಆದರೆ ಅವರ ಕೂಲಿ ಇದ್ದದ್ದು ಸಿದ್ದಾಪುರ ಮಾಲ್ದಾರೆಗಳ ತೋಟಗಳಲ್ಲಿ. ಗೆಡ್ಡೆ, ಸೊಪ್ಪು, ಜೇನು, ಸೌದೆ ಇದ್ದದ್ದು ಕಾಡಿನಲ್ಲಿ. ಕಾಡಂಚಿನ ಜನ ಒಂದು ನಿರ್ಣಯದಿಂದ ಪಟ್ಟಣದಂಚಿನ ಜನರಾದರು. ಪಟ್ಟಣದಂಚಿನಲ್ಲಿ ಬಾಳುವುದಕ್ಕೆ ಬೇಕಾದ ಜೀವನೋಪಾಯ ಮನೆಯೊಡನೆ ಬರಲಿಲ್ಲ. ಅವರ ಸ್ತ್ರೀಯರು ಹೋರಾಟದಲ್ಲಿ ತೋರಿದ ವಾಕ್ಶಕ್ತಿಯೂ ಸಂಘಟನಾಶಕ್ತಿಯೂ, ಹೋರಾಟ ಮುಗಿದ ಮೇಲೆ ಬಡಾವಣೆಯ ಚರಂಡಿ ಎಲ್ಲಿ ಹರಿಯಬೇಕು, ಯಾವ ಮರ ನೆಡಬೇಕು, ನೀರಿನ ಟ್ಯಾಂಕು ಎಲ್ಲಿರಬೇಕು ಎಂಬ ನಿರ್ಣಯಗಳಿಗೆ ಏಕೆ ಬೇಡವಾದುವೆಂದು ನಾನು ಪದೇಪದೇ ಕೇಳಿಕೊಂಡಿದ್ದೇನೆ.

ಕಾನೂನಿನಲ್ಲಿ ದಾರಿ ಇಲ್ಲದಿಲ್ಲ. 2006ರ ಅರಣ್ಯ ಹಕ್ಕುಗಳ ಕಾಯ್ದೆ, ವಿವಾಹಿತರಿಗೆ ಕೊಡುವ ಹಕ್ಕುಪತ್ರ ಗಂಡ ಹೆಂಡಿರಿಬ್ಬರ ಹೆಸರಿನಲ್ಲಿಯೂ ಜಂಟಿಯಾಗಿ ದಾಖಲಾಗತಕ್ಕದ್ದೆಂದು ವಿಧಿಸುತ್ತದೆ. ಹಳ್ಳಿಯ ಅರಣ್ಯ ಹಕ್ಕು ಸಮಿತಿಯಲ್ಲಿ ಮೂರರಲ್ಲಿ ಒಂದು ಪಾಲು ಸ್ತ್ರೀಯರಿರಬೇಕೆಂದು ಅದರ ನಿಯಮ ಹೇಳುತ್ತದೆ. ಕಾಡಿನಲ್ಲಿ ಸಾಧುವಾದುದು ಪೈಸಾರಿಯಲ್ಲಿ ಏಕೆ ಸಾಧುವಲ್ಲ? ಸರ್ಕಾರಿ ನೆಲದಲ್ಲಿ ಕಟ್ಟಿಕೊಂಡ ವಾಸದ ಮನೆಯನ್ನು ಸಕ್ರಮಗೊಳಿಸಲು ನಮ್ಮ ಭೂಕಂದಾಯ ಅಧಿನಿಯಮದಲ್ಲಿ 94-ಸಿ ಮತ್ತು 94-ಸಿಸಿ ಎಂಬ ಕಲಮುಗಳಿವೆ, ಮೊದಲನೆಯದು ಗ್ರಾಮಕ್ಕೆ, ಎರಡನೆಯದು ನಗರಕ್ಕೆ. ಅಪಾಯವಿಲ್ಲದ ನೆಲವಾದರೆ ಅಲ್ಲಿಯೇ, ಅಪಾಯದ ನೆಲವಾದರೆ ಕೂಲಿಗೆ ನಡೆದು ಹೋಗಬಹುದಾದ ದೂರದ ಬದಲಿ ನೆಲದಲ್ಲಿ, ಮನೆಯೊಡತಿಯ ಹೆಸರಿಗೆ ಅಥವಾ ಇಬ್ಬರ ಹೆಸರಿಗೂ ಪತ್ರ ಕೊಡುವುದು ಆಡಳಿತಕ್ಕೆ ಅಸಾಧ್ಯವಾದ ಮಾತಲ್ಲ. ಪತ್ರ ಕೈಗೆ ಬಂದ ಹೆಂಗಸು ಬರೆಗೆ ತಡೆಗೋಡೆ ಕಟ್ಟುವಳು, ಹಿತ್ತಿಲಿಗೆ ಮರ ನೆಡುವಳು. ನಾಳೆ ಎಬ್ಬಿಸಬಹುದೆಂಬ ಭಯದಲ್ಲಿರುವವಳು ತಗಡನ್ನೂ ಸರಿಯಾಗಿ ಬಿಗಿಯಲಾರಳು.

ಹೀಗೆ ಮಾಡಿದರೆ ಒತ್ತುವರಿಗೆ ಪ್ರೋತ್ಸಾಹ ಕೊಟ್ಟಂತಾಗುವುದಿಲ್ಲವೆ ಎಂಬ ಆಕ್ಷೇಪ ಸಹಜವಾದದ್ದು, ಪ್ರಾಮಾಣಿಕರ ಬಾಯಿಂದಲೂ ಬರುವಂಥದ್ದು. ಅದನ್ನು ಹಗುರಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನೆಲಕ್ಕೆ ಮಿತಿಯುಂಟು, ದೇವರಕಾಡುಗಳೂ ಪೈಸಾರಿಯೂ ಈಗಾಗಲೇ ಕ್ಷೀಣಿಸಿವೆ. ಆದರೆ ಎರಡು ಸೆಂಟು ಜಾಗದಲ್ಲಿ ಮಣ್ಣಿನ ಗೋಡೆಯ ಮನೆ ಕಟ್ಟಿದವಳನ್ನೂ, ಎಕರೆಗಟ್ಟಲೆ ಪೈಸಾರಿಯನ್ನು ತೋಟಕ್ಕೆ ಸೇರಿಸಿಕೊಂಡವನನ್ನೂ, ಬೆಟ್ಟ ಕಡಿದು ವಸತಿಗೃಹ ಎಬ್ಬಿಸಿದವನನ್ನೂ ಒಂದೇ ಹೆಸರಿನಿಂದ ಕರೆದು, ತೆರವುಗೊಳಿಸುವಾಗ ಮಾತ್ರ ಮೊದಲನೆಯವಳಿಂದ ಆರಂಭಿಸುವುದು ನ್ಯಾಯಶಾಸ್ತ್ರಕ್ಕೂ ಸಲ್ಲದು, ಭೂವಿಜ್ಞಾನಕ್ಕೂ ಸಲ್ಲದು. ಬೆಟ್ಟ ಜಾರಲು ಆಕೆಯ ಗುಡಿಸಲಿಗಿಂತ ಯಂತ್ರದ ಅಗೆತ ಎಷ್ಟೋ ಪಾಲು ಅಧಿಕ ಕಾರಣ.

ಹಕ್ಕುಪತ್ರಕ್ಕಿಂತಲೂ ಕಡಿಮೆ ಚರ್ಚೆಯಾಗಿರುವುದು ಸಭೆಯ ವಿಷಯ. ನಾನು ತಮ್ಮ ಗಮನವನ್ನು ವಿಶೇಷವಾಗಿ ಸೆಳೆಯಬಯಸುವುದು ಇಲ್ಲಿಗೇ. 1993ರ ಪಂಚಾಯತ್ ರಾಜ್ ಅಧಿನಿಯಮದ ಮೇರೆಗೆ ನಮ್ಮ ಹಳ್ಳಿಗಳಲ್ಲಿ ವಾರ್ಡುಸಭೆ, ಗ್ರಾಮಸಭೆಗಳು ನಡೆಯುತ್ತವೆ. ಮಹಿಳಾ ಗ್ರಾಮಸಭೆಯೂ ಇದೆ. ಅವುಗಳ ಲೋಪಗಳನ್ನು ನಾವೆಲ್ಲರೂ ಬಲ್ಲೆವು. ಎಷ್ಟೋ ಕಡೆ ಸಹಿ ಹಾಕಿಸಿ ಮುಗಿಸುವುದುಂಟು. ಆದರೂ ಒಬ್ಬ ಪಣಿಯ ಹೆಂಗಸು ಎದ್ದು ನಿಂತು ಕಾರ್ಯದರ್ಶಿಯನ್ನು ಪ್ರಶ್ನಿಸಲು ಕಾನೂನು ಒಪ್ಪಿದ ಒಂದು ಸ್ಥಳ ಅಲ್ಲಿದೆ. 2005ರಲ್ಲಿ ಬಂದ ಉದ್ಯೋಗ ಖಾತರಿ ಕಾಯ್ದೆ ಗ್ರಾಮಾಂತರ ಪ್ರದೇಶಕ್ಕೆ ಮಾತ್ರ ಅನ್ವಯಿಸುವಂಥದ್ದಾಗಿ, ಹೆಣ್ಣಿಗೂ ಗಂಡಿಗೂ ಸಮಾನ ಕೂಲಿಯನ್ನೂ, ಫಲಾನುಭವಿಗಳಲ್ಲಿ ಸ್ತ್ರೀಯರಿಗೆ ಮೂರನೆಯ ಒಂದು ಪಾಲನ್ನೂ ನಿಗದಿಪಡಿಸಿತು. ಕೆರೆ, ಬದು, ತೋಡು ದುರಸ್ತಿಯಂಥ, ಇಂದು ವಾಯುಗುಣದ ಕಾರ್ಯವೆಂದು ನಾವು ಕರೆಯುವ ಕೆಲಸಗಳು ಅದರ ಮೂಲಕ ನಡೆದುವು. ಪಟ್ಟಣ ಬೆಳೆದು ಸುತ್ತಣ ಗ್ರಾಮವನ್ನು ತನ್ನೊಳಗೆ ಸೇರಿಸಿಕೊಂಡಾಗ, ಕುಶಾಲನಗರ ಪುರಸಭೆಯಾಗಿ ಮುಳ್ಳುಸೋಗೆ ಅದರಲ್ಲಿ ಸೇರಿದಂತೆ, ಅಲ್ಲಿಯ ನಿವಾಸಿ ಒಂದು ಆದೇಶದಿಂದ ನಾಗರಿಕಳಾಗುತ್ತಾಳೆ. ಗ್ರಾಮಸಭೆಯೂ ಖಾತರಿಯ ಕೂಲಿಯೂ ಹಿಂದೆ ಉಳಿಯುತ್ತವೆ. ಅವಕ್ಕೆ ಬದಲಾಗಿ ಪಟ್ಟಣ ಏನು ಕೊಡುತ್ತದೆ? ಸಂವಿಧಾನದ 74ನೆಯ ತಿದ್ದುಪಡಿ ವಾರ್ಡು ಸಮಿತಿಗಳನ್ನು ಕಡ್ಡಾಯಗೊಳಿಸಿದ್ದು ಮೂರು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಗೆ. ಕೊಡಗಿನ ಇಡೀ ಜಿಲ್ಲೆಯ ಜನಸಂಖ್ಯೆಯೇ 2011ರಲ್ಲಿ ಐದೂವರೆ ಲಕ್ಷ. ಇಲ್ಲಿಯ ಯಾವ ಪಟ್ಟಣವೂ ಆ ಅಳತೆಗೆ ಮುಟ್ಟುವಂತಿಲ್ಲ. ಸಣ್ಣ ಪಟ್ಟಣಗಳಲ್ಲಿ ಬೀದಿಯ ಜನ ಕೂಡಿ ಆಡಳಿತವನ್ನು ಕೇಳುವ ಸಭೆ ಜೀವನದ ಅಭ್ಯಾಸವಾಗಿ ಬೇರೂರಲಿಲ್ಲ. ಹಳ್ಳಿಯ ಹಕ್ಕು ಬಿಟ್ಟು, ನಗರದ ಹಕ್ಕು ಮುಟ್ಟದೆ, ಎರಡು ಕಾನೂನುಗಳ ನಡುವಣ ಕಂದಕದಲ್ಲಿ ಊರಂಚಿನ ಹೆಂಗಸು ನಿಂತಿದ್ದಾಳೆ. ಸ್ಥಳೀಯ ಸಂಸ್ಥೆಗಳ ಚುನಾಯಿತ ಸ್ಥಾನಗಳಲ್ಲಿ ಸ್ತ್ರೀಯರಿಗೆ ಅರ್ಧದಷ್ಟು ಮೀಸಲು ಕೊಟ್ಟ ರಾಜ್ಯ ನಮ್ಮದು. ಆದರೆ ಪ್ರತಿನಿಧಿಯ ಸ್ಥಾನ ಒಬ್ಬಳಿಗೆ. ಸಭೆ ನೂರು ಜನಕ್ಕೆ.

ವಿಪತ್ತಿನ ಆಡಳಿತದಲ್ಲಿಯೂ ಇದೇ ಕೊರತೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರದಲ್ಲಿ ಏಳಕ್ಕೆ ಮೀರದ ಸದಸ್ಯರು. ಜಿಲ್ಲಾಧಿಕಾರಿಗಳು ಅಧ್ಯಕ್ಷರು, ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿ ಸಹಾಧ್ಯಕ್ಷರು, ಉಳಿದವರು ಅಧಿಕಾರಿಗಳು. ಲಿಂಗ, ಜಾತಿ, ಮತಗಳ ಭೇದವಿಲ್ಲದೆ ಪರಿಹಾರ ಕೊಡಬೇಕೆಂದೂ, ವಿಧವೆಯರಿಗೂ ಅನಾಥರಿಗೂ ವಿಶೇಷ ಏರ್ಪಾಡಿರಬೇಕೆಂದೂ ಅದೇ ಕಾಯ್ದೆ ಆದರದಿಂದ ನುಡಿಯುತ್ತದೆ. ಕೊಡುವಾಗ ನೆನೆಯಲ್ಪಡುವವಳು, ಯೋಚಿಸುವಾಗ ನೆನೆಯಲ್ಪಡುವುದಿಲ್ಲ. ಸಂತ್ರಸ್ತರಿಗಾಗಿ ತೆರೆಯುವ ಗಂಜಿಕೇಂದ್ರ ಈಗ ಕಾಳಜಿ ಕೇಂದ್ರವೆಂಬ ಸೌಮ್ಯ ಹೆಸರನ್ನು ಪಡೆದಿದೆ. ಅದರಲ್ಲಿ ಹೆಂಗಸರ ಶೌಚಾಲಯಕ್ಕೆ ಬೆಳಕಿದೆಯೆ, ಹಾಲೂಡಿಸುವ ತಾಯಿಗೆ ಮರೆಯಿದೆಯೆ, ಬಸುರಿಗೆ ಬೆಚ್ಚನೆಯ ನೀರಿದೆಯೆ ಎಂಬ ಪ್ರಶ್ನೆಗಳನ್ನು ಮಳೆಗೆ ಮುಂಚೆಯೇ ಕೇಳಬಲ್ಲವರು ಅಲ್ಲಿ ರಾತ್ರಿ ಕಳೆದ ಹೆಂಗಸರು.

ಈ ಮಾತು ಪ್ರಾಣದ ಮಾತೂ ಹೌದೆಂಬುದಕ್ಕೆ ಬಾಂಗ್ಲಾದೇಶದ ಅನುಭವ ಸಾಕ್ಷಿ. 1991ರ ಚಂಡಮಾರುತದಲ್ಲಿ 20ರಿಂದ 44 ವರ್ಷ ವಯಸ್ಸಿನ ಸ್ತ್ರೀಯರಲ್ಲಿ ಸಾವಿರಕ್ಕೆ 71 ಮಂದಿಯೂ, ಅದೇ ವಯಸ್ಸಿನ ಪುರುಷರಲ್ಲಿ ಸಾವಿರಕ್ಕೆ 15 ಮಂದಿಯೂ ಮಡಿದರೆಂದು ಅಧ್ಯಯನಗಳು ಲೆಕ್ಕ ಹಾಕಿವೆ. ಎಚ್ಚರಿಕೆ ಗಂಡಸರು ಕೂಡುವ ಪೇಟೆಗೆ ಮುಟ್ಟಿತು, ಮನೆಯೊಳಗಿನವರಿಗೆ ಮುಟ್ಟಲಿಲ್ಲ. ಮುಟ್ಟಿದರೂ ಮಕ್ಕಳನ್ನೂ ಮುದುಕರನ್ನೂ ಬಿಟ್ಟು ಹೊರಡಲು, ಗಂಡನ ಅಪ್ಪಣೆಯಿಲ್ಲದೆ ಪರರೊಡನೆ ಆಶ್ರಯ ಸೇರಲು, ಅವರಿಂದಾಗಲಿಲ್ಲ. ಆ ದೇಶ ಅನಂತರ ತನ್ನ ಸ್ವಯಂಸೇವಕ ದಳದಲ್ಲಿ ಸ್ತ್ರೀಯರನ್ನು ಪುರುಷರಿಗೆ ಸಮಸಂಖ್ಯೆಗೆ ತಂದಿತು. ಇಂದಿನ ಚಂಡಮಾರುತಗಳಲ್ಲಿ ಅಲ್ಲಿ ಸಾಯುವವರ ಸಂಖ್ಯೆ ಹಿಂದಿನದಕ್ಕೆ ಹೋಲಿಸಲಾಗದಷ್ಟು ಕಡಿಮೆ. ಆಶ್ರಯಮಂದಿರಗಳೂ ಮುನ್ಸೂಚನೆಯೂ ಉತ್ತಮಗೊಂಡದ್ದರೊಡನೆ ಇದೂ ಒಂದು ಕಾರಣ. ಕರಡಿಗೋಡಿನ ದಂಡೆಯಲ್ಲಿ ಎಚ್ಚರಿಕೆ ಸಾರುವ ಜವಾಬ್ದಾರಿಯನ್ನು ಆ ದಂಡೆಯ ಹೆಂಗಸರಿಗೇ, ಯರವ ಭಾಷೆಯಲ್ಲಿಯೂ ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ಹೇಳಬಲ್ಲವರಿಗೇ, ಗೌರವಧನ ಕೊಟ್ಟು ಒಪ್ಪಿಸುವುದಕ್ಕೆ ದೊಡ್ಡ ವೆಚ್ಚವೇನೂ ಬೇಡ.

ಗೌರವಧನವೆಂದೆನಷ್ಟೆ; ಆ ಮಾತನ್ನು ಸ್ವಲ್ಪ ಬಿಡಿಸಬೇಕು. ನಮ್ಮಲ್ಲಿ ಪರಿಸರದ ಕೆಲಸಕ್ಕೆ ಬಡ ಹೆಂಗಸರನ್ನು ಕರೆಯುವಾಗ ಸೇವೆಯೆಂದು ಕರೆದು, ತಜ್ಞರನ್ನು ಕರೆಯುವಾಗ ಸಂಭಾವನೆಯೊಡನೆ ಕರೆಯುವುದು ರೂಢಿ. ಹಾಲಕ್ಕಿ ಒಕ್ಕಲಿನ ತುಳಸಿ ಗೌಡರು ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ದುಡಿದು, ಬಹುಕಾಲದ ಮೇಲೆ ಕಾಯಂ ಆದವರು. ಪದ್ಮಶ್ರೀ ಬಂದಾಗ ನಾಡು ಅವರ ಜ್ಞಾನವನ್ನು ಕೊಂಡಾಡಿತು. ತಾಯಿಮರವನ್ನು ಗುರುತಿಸಿ ಬೀಜ ಆರಿಸುವ ಅಂಥ ಜ್ಞಾನ ನಮ್ಮ ಜೇನುಕುರುಬ, ಬೆಟ್ಟಕುರುಬ ಹಾಡಿಗಳ ಹೆಂಗಸರಲ್ಲಿ ಇಂದಿಗೂ ಇದೆ. ತೋಟದ ನೆರಳಿಗೆ ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್ ನೆಟ್ಟು ಹಲಸು, ನಂದಿ, ಬೀಟೆ, ಅತ್ತಿಗಳನ್ನು ಕಡಿದುಕೊಂಡ ಮೇಲೆ, ಬರೆಯ ಮಣ್ಣನ್ನು ಹಿಡಿಯುವ ನಾಡಮರಗಳನ್ನು ಮತ್ತೆ ಎಬ್ಬಿಸಬೇಕಾದರೆ ಆ ಬೀಜದ ಅರಿವು ನಮಗೆ ಬೇಕು. ಬಸವನಹಳ್ಳಿಯಂಥ ಕಾಲೊನಿಯ ಬದಿಯಲ್ಲಿ ನಾಡಮರಗಳ ಸಸಿಮಡಿಯೊಂದನ್ನು ಅಲ್ಲಿಯ ಸ್ತ್ರೀಸಂಘಕ್ಕೆ ವಹಿಸಿ, ಕುಸಿದ ಬೆಟ್ಟಗಳಿಗೂ ರಸ್ತೆಯ ಬರೆಗಳಿಗೂ ಬೇಕಾದ ಸಸಿಗಳನ್ನು ಇಲಾಖೆ ಅವರಿಂದ ಬೆಲೆ ಕೊಟ್ಟು ಕೊಳ್ಳುವುದಾದರೆ, ಕಾಡನ್ನು ಕಳೆದುಕೊಂಡವರಿಗೆ ಕಾಡಿನ ವಿದ್ಯೆಯೇ ಜೀವನೋಪಾಯವಾಗುವುದು. ಮಡಿಕೇರಿಯ ಕಸವನ್ನು ಸ್ಟೋನ್ ಹಿಲ್‌ನ ಮೇಲೆ ಸುರಿದು ಬೆಟ್ಟವನ್ನು ಕೆಡಿಸಿದ ಪಟ್ಟಣಕ್ಕೆ, ಕಸವನ್ನು ಬೇರ್ಪಡಿಸಿ ಗೊಬ್ಬರ ಮಾಡಬಲ್ಲ ಪೌರಕಾರ್ಮಿಕ ಸ್ತ್ರೀಯರ ಅನುಭವವೂ ಹೀಗೆಯೇ ಬೇಕಾದದ್ದು. ಗ್ರಾಮ ಪಂಚಾಯತಿಗಳಲ್ಲಿ ಸ್ವಸಹಾಯ ಸಂಘದ ಹೆಂಗಸರು ಕಸ ಸಾಗಿಸುವ ಸ್ವಚ್ಛವಾಹಿನಿಯ ಚಕ್ರವನ್ನು ತಾವೇ ಹಿಡಿದು ಈ ಕೆಲಸವನ್ನು ಮಾಡಿ ತೋರಿಸಿದ್ದಾರೆ.

1934ರಲ್ಲಿ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಕೊಡಗಿಗೆ ಬಂದಾಗ, ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಅರ್ಪಿಸಿದ ಕಥೆಗಾರ್ತಿ ಗೌರಮ್ಮನವರನ್ನು ಈ ನಾಡು ಮರೆತಿಲ್ಲ. ತನ್ನ ಸುಖದ ಬೇಲಿಯಾಚೆ ನಿಂತವರನ್ನು ಕಂಡ ಆ ಕಣ್ಣು ನಮಗೂ ದೊರೆಯಲೆಂದು ನಾನು ಹಾರೈಸುತ್ತೇನೆ. ಆದರೆ ಅಂದಿಗೆ ದಾನ ದೊಡ್ಡ ಹೆಜ್ಜೆಯಾಗಿದ್ದಿತು. ಇಂದಿಗೆ ದಾನ ಸಾಲದು, ಪಾಲು ಬೇಕು.

ಆ ಪಾಲನ್ನು ಕೊಡುವ ಕ್ರಮವನ್ನು ಕುರಿತು ಒಂದು ಸೂಚನೆಯನ್ನು ತಮ್ಮ ಪರಾಮರ್ಶೆಗೆ ಒಪ್ಪಿಸುತ್ತೇನೆ. ಮೂರು ಲಕ್ಷಕ್ಕೆ ಕಡಿಮೆ ಜನಸಂಖ್ಯೆಯ ಊರುಗಳಲ್ಲಿ ವಾರ್ಡು ಸಭೆ ಇರಕೂಡದೆಂದು ಸಂವಿಧಾನ ಎಲ್ಲಿಯೂ ನಿಷೇಧಿಸಿಲ್ಲ. ಮಡಿಕೇರಿ, ವಿರಾಜಪೇಟೆ, ಕುಶಾಲನಗರಗಳ ಆಡಳಿತ ಸಂಸ್ಥೆಗಳು ತಮ್ಮ ಠರಾವಿನಿಂದಲೇ ಅದನ್ನು ಆರಂಭಿಸಬಹುದು, ಶಾಸನ ಅನಂತರ ಬರಲಿ. ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ ಮೇ ತಿಂಗಳ ಮೊದಲ ವಾರದಲ್ಲಿ, ಅಂಚಿನ ಪ್ರತಿ ವಾರ್ಡಿನಲ್ಲಿಯೂ ಸ್ತ್ರೀಯರ ಸಭೆ ಸೇರಲಿ. ತೋಟದ ಜೀಪು ಹಿಂದಿರುಗುವ ಹೊತ್ತಿನ ಅನಂತರ, ಸಂಜೆಯಲ್ಲಿ ಸೇರಲಿ. ಹಗಲಿನಲ್ಲಿ ಸೇರಿಸಲೇಬೇಕಾದರೆ ಆ ದಿನದ ಕೂಲಿಯನ್ನು ಸಂಸ್ಥೆ ಭರಿಸಲಿ. ಲೈನ್‌ಮನೆಯಲ್ಲಿರುವವರಿಗೂ, ಮತದಾರರ ಪಟ್ಟಿಯಲ್ಲಿ ಇನ್ನೂ ಹೆಸರಿಲ್ಲದ ಹೊರನಾಡಿನ ಕಾರ್ಮಿಕ ಸ್ತ್ರೀಯರಿಗೂ ಅಲ್ಲಿ ಮಾತಿಗೆ ಅವಕಾಶವಿರಲಿ. ಯಾವ ಬರೆಗೆ ಗೋಡೆ ಬೇಕು, ಯಾವ ತೋಡು ಮುಚ್ಚಿಹೋಗಿದೆ, ಯಾವ ಗದ್ದೆಗೆ ಮಣ್ಣು ತುಂಬುತ್ತಿದ್ದಾರೆ, ಯಾವ ಶಾಲೆ ಆಶ್ರಯಕ್ಕೆ ಯೋಗ್ಯವೆಂಬ ಅವರ ನಿರ್ಣಯಗಳು ಪುರಸಭೆಯ ಆಯವ್ಯಯದ ಜೊತೆಯಲ್ಲಿಯೂ ಜಿಲ್ಲೆಯ ವಿಪತ್ತು ಯೋಜನೆಯ ಜೊತೆಯಲ್ಲಿಯೂ ಅನುಬಂಧವಾಗಿ ಅಚ್ಚಾಗಲಿ. ಮುಂದಿನ ಮೇ ತಿಂಗಳಲ್ಲಿ ಅಧಿಕಾರಿಗಳು ಅದೇ ಸಭೆಗೆ ಬಂದು, ಯಾವುದನ್ನು ಮಾಡಿದರು, ಯಾವುದನ್ನು ಮಾಡಲಿಲ್ಲ, ಮಾಡದ್ದಕ್ಕೆ ಕಾರಣವೇನೆಂದು ಓದಿ ಹೇಳಲಿ.